ತಾಳ್ಮೆಯುಳ್ಳವರ ಲಾಟರಿ

ಜೂಜಿನವರು ಗಿರಾಕಿಗಳನ್ನು ಸೆಳೆಯುವುದಕ್ಕಾಗಿ ಒಡ್ಡಿದ ಆಮಿಷವು ಕೆಲವೊಮ್ಮೆ ಅವರು ಎಣಿಸದ ದಿಕ್ಕಿಗೆ ತಿರುಗುವುದುಂಟು. ಅಮೆರಿಕದಲ್ಲಿ ನಡೆದ ಅಂತಹ ಸಂಗತಿಯೊಂದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಅಲ್ಲಿನ ಮಿಶಿಗನ್ ಸಂಸ್ಥಾನದ ಸರ್ಕಾರವು 2003ರಲ್ಲಿ ‘ವಿನ್‌ಫಾಲ್’ ಎಂಬ ಲಾಟರಿಯನ್ನು ನಡೆಸುತ್ತಿತ್ತು. ಒಂದು ಡಾಲರು ಕೊಟ್ಟು ಆರು ಅಂಕಿಗಳನ್ನು ಆರಿಸತಕ್ಕದ್ದು. ಆರೂ ಕೂಡಿಬಂದವನಿಗೆ ಹಿರಿಯ ಬಹುಮಾನ. ಹಾಗೆ ಗೆಲ್ಲುವವರು ಬಹು ಅಪೂರ್ವವಾದುದರಿಂದ, ಜನರ ಉತ್ಸಾಹವು ಕುಂದದಿರಲೆಂದು ಒಂದು ವಿಶೇಷ ನಿಯಮವನ್ನು ಸೇರಿಸಿದ್ದರು. ಹಿರಿಯ ಬಹುಮಾನದ ಮೊತ್ತವು 50 ಲಕ್ಷ ಡಾಲರುಗಳಿಗೆ ಬೆಳೆದೂ ಯಾರಿಗೂ ಸಲ್ಲದೆ ಹೋದರೆ, ಆ ಹಣವು ಕಡಿಮೆ ಅಂಕಿಗಳು ಕೂಡಿದವರಿಗೆ ಹಂಚಿಹೋಗುವುದು. ಅಂತಹ ಸರದಿಯಲ್ಲಿ ಮೂರು ಅಂಕಿಗಳಿಗೆ ಸುಮಾರು 50 ಡಾಲರು, ನಾಲ್ಕಕ್ಕೆ ಸುಮಾರು 1,000.

ಎವರ್ಟ್ ಎಂಬ ಚಿಕ್ಕ ಊರಿನಲ್ಲಿ ಅಂಗಡಿಯನ್ನು ಮಾರಿ ವಿಶ್ರಾಂತರಾಗಿದ್ದ ಜೆರಿ ಸೆಲ್ಬಿ ಎಂಬುವರು ಈ ನಿಯಮವನ್ನು ಓದಿ ಲೆಕ್ಕ ಹಾಕಿದರು. 1,100 ಟಿಕೆಟು ಕೊಂಡರೆ ಸರಾಸರಿಯಲ್ಲಿ ನಾಲ್ಕು ಅಂಕಿಯದೊಂದು, ಮೂರು ಅಂಕಿಯವು ಹದಿನೆಂಟೋ ಹತ್ತೊಂಬತ್ತೋ ಬರಬೇಕು. ಎಂದರೆ 1,100 ಡಾಲರಿಗೆ ಸುಮಾರು 1,900. ನಮ್ಮ ಗೃಹಿಣಿಯರ ಹಾಲಿನ ಲೆಕ್ಕಕ್ಕಿಂತ ಇದೇನೂ ಬಹಳ ಕಠಿಣವಲ್ಲ. ಮೊದಲ ಸಲ 2,200 ಡಾಲರು ಹೂಡಿದಾಗ 50 ಡಾಲರು ನಷ್ಟವಾಯಿತು. ನಾವಾಗಿದ್ದರೆ ಅಲ್ಲಿಗೇ ಕೈಮುಗಿಯುತ್ತಿದ್ದೆವೇನೋ! ಅವರಾದರೋ ಟಿಕೆಟುಗಳು ಸಾಲದಾದವೆಂದು ಬಗೆದು ಮುಂದಿನ ಬಾರಿ 3,400 ಹೂಡಿದರು, 6,300 ಬಂದಿತು.

2005ರಲ್ಲಿ ಮಿಶಿಗನ್ನಿನ ಆಟವು ನಿಂತುಹೋಯಿತು. ಆದರೆ ದೂರದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಇದೇ ಬಗೆಯ ಆಟವು ನಡೆಯುತ್ತಿದ್ದಿತು. ಸೆಲ್ಬಿಯವರೂ ಅವರ ಪತ್ನಿ ಮಾರ್ಜ್ ಅವರೂ ಬಂಧುಮಿತ್ರರ ಹಣವನ್ನು ಕೂಡಿಸಿಕೊಂಡು, ಸರದಿ ಬಂದಾಗಲೆಲ್ಲ ನೂರಾರು ಮೈಲಿ ಮೋಟಾರಿನಲ್ಲಿ ಅಲ್ಲಿಗೆ ಹೋಗುತ್ತಿದ್ದರು. ಅಂಗಡಿಯ ಯಂತ್ರದ ಮುಂದೆ ನಿಂತು ಟಿಕೆಟುಗಳನ್ನು ಅಚ್ಚು ಮಾಡಿಸುವುದೇ ದಿನಗಟ್ಟಲೆಯ ದುಡಿಮೆ. ಆಮೇಲೆ ವಸತಿಗೃಹದ ಕೊಠಡಿಯಲ್ಲಿ ಕುಳಿತು, ಲಕ್ಷಾಂತರ ಚೀಟಿಗಳನ್ನು ಒಂದೊಂದಾಗಿ ಕಣ್ಣಿನಿಂದಲೇ ನೋಡಿ, ದಿನಕ್ಕೆ ಹತ್ತು ಗಂಟೆಯಂತೆ ಹತ್ತು ದಿನ ವಿಂಗಡಿಸುವರು. ಆಟದ ನಿಯಮ ಬರೆದವರು ಅದೃಷ್ಟವನ್ನು ಅಳೆದಿದ್ದರು. ಇಂತಹ ಬೆನ್ನುನೋವನ್ನು ಸಹಿಸುವವರಿರುವರೆಂದು ಮಾತ್ರ ಎಣಿಸಿರಲಿಲ್ಲ. ಒಟ್ಟಿನಲ್ಲಿ ಈ ಕೂಟಕ್ಕೆ ದೊರೆತ ಲಾಭ, ತೆರಿಗೆಗೆ ಮುಂಚೆ, 77 ಲಕ್ಷ ಡಾಲರಿಗೂ ಮೇಲೆ.

ಅಲ್ಲಿಯೇ ಎಂ.ಐ.ಟಿ. ವಿದ್ಯಾರ್ಥಿಗಳ ಗುಂಪೊಂದು ಇನ್ನೂ ಮುಂದೆ ಹೋಯಿತು. 2010ರ ಆಗಸ್ಟಿನಲ್ಲಿ ಸುಮಾರು 7 ಲಕ್ಷ ಟಿಕೆಟುಗಳನ್ನು ತಾವೇ ಕೊಂಡು, ಇತರರು ನಿರೀಕ್ಷಿಸುವ ಮೊದಲೇ ಹಂಚಿಕೆಯ ಸರದಿಯನ್ನು ಬರಿಸಿದರು. 2011ರಲ್ಲಿ ‘ಬಾಸ್ಟನ್ ಗ್ಲೋಬ್’ ಪತ್ರಿಕೆಯು ಈ ವ್ಯವಹಾರವನ್ನು ಬಯಲಿಗೆಳೆಯಿತು. 2012ರ ಆರಂಭದಲ್ಲಿ ಆಟವು ಕೊನೆಗೊಂಡಿತು.

ಸರ್ಕಾರಕ್ಕೆ ನಷ್ಟವಾಯಿತೆ? ಇಲ್ಲ. ಟಿಕೆಟನ್ನು ಯಾರೇ ಕೊಳ್ಳಲಿ, ಅದರ ಪಾಲು ಅದಕ್ಕೆ ಬರುತ್ತಲೇ ಇತ್ತು. ಹಾಗಾದರೆ ಹಂಚಿಹೋದ ಹಿರಿಯ ಬಹುಮಾನದ ಹಣವು ಎಲ್ಲಿಯದು? ಮಾಮೂಲು ವಾರಗಳಲ್ಲಿ ಒಂದೋ ಎರಡೋ ಟಿಕೆಟು ಕೊಂಡು ಸೋತುಹೋದ ಸಾಮಾನ್ಯರು ಸೇರಿಸಿದ ಕಾಸು ಅದರಲ್ಲಿ ಬೇಕಾದಷ್ಟಿತ್ತು. ಯಾರನ್ನು ಹುರಿದುಂಬಿಸಲೆಂದು ಆ ನಿಯಮವು ಹುಟ್ಟಿತೋ ಅವರ ಕಾಸೇ ಬೇರೆಯವರ ಕೈ ಸೇರಿತೆಂಬುದು ನಮಗೆ ಕಂಡ ವಿಪರ್ಯಾಸ. 2012ರಲ್ಲಿ ವಿಚಾರಣೆ ನಡೆಸಿದ ಸಂಸ್ಥಾನದ ಅಧಿಕಾರಿಯು, ದೊಡ್ಡ ಕೊಳ್ಳುಗರಿಂದ ಇತರರ ಗೆಲುವಿನ ಸಂಭವಕ್ಕೆ ಕುಂದು ಬಂದಿಲ್ಲವೆಂದನು. ಸೆಲ್ಬಿ ದಂಪತಿಗಳ ಮೇಲೆ ಮೋಸದ ಆರೋಪವೇನೂ ನಿಲ್ಲಲಿಲ್ಲ.

ಅವರು ಸೋತ ಟಿಕೆಟುಗಳನ್ನೂ ಬಿಸುಡಲಿಲ್ಲ. ತೆರಿಗೆಯವರು ಕೇಳಿದರೆ ತೋರಿಸಬೇಕೆಂದು ಡಬ್ಬಗಳಲ್ಲಿ ತುಂಬಿ, ತಮ್ಮ ಕೊಟ್ಟಿಗೆಯಲ್ಲಿ ಸಾಲಾಗಿ ಪೇರಿಸಿಟ್ಟರು.