ಮನೆಯಲ್ಲಿ ತುಂಬಿದ ತೋಟೆ, ಕಾರ್ಖಾನೆ ತೋಟೆ: ಮೂರೇ ಗುಂಡು ನೋಡಿ ನಂಬಬೇಡಿ

ಹಂದಿ ಕಾಟದ ಬಗ್ಗೆ ಬರೆದಾಗಿನಿಂದ ಕೊಡಗು, ಸಕಲೇಶಪುರ ಕಡೆಯ ಓದುಗರು ಒಂದೇ ಥರದ ವಿಡಿಯೊ ಕಳಿಸ್ತಿದ್ದಾರೆ. ಅಮೆರಿಕದ ರೈತನೊಬ್ಬ ಶೆಡ್ಡಿನಲ್ಲಿ ಕೂತು ರೈಫಲ್ ತೋಟೆ ತಾನೇ ತುಂಬ್ತಾನೆ. ಆಮೇಲೆ ಹೊಡೆದು ತೋರಿಸ್ತಾನೆ: ಕಾರ್ಖಾನೆ ತೋಟೆಗಿಂತ ಹೆಚ್ಚು ವೇಗ, ಮೂರು ಗುಂಡೂ ಹತ್ತಿರ ಹತ್ತಿರ. "ನಿಜಾನಾ ಸರ್? ನಾವೂ ಮಾಡ್ಬಹುದಾ?" ಅಂತ ಪ್ರಶ್ನೆ.

ಎರಡನೇ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡ್ತೀನಿ: ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳೋದಕ್ಕೆ, ತೋಟೆ ತಯಾರಿಸೋದಕ್ಕಲ್ಲ.

ಮೊದಲನೇ ಪ್ರಶ್ನೆ ಮಾತ್ರ ಸ್ವಾರಸ್ಯದ್ದು. ಹೊಲದಲ್ಲಿ ಟ್ರಯಲ್ ಮಾಡುವ ಎಲ್ಲರಿಗೂ ಅದರಲ್ಲಿ ಕಲಿಯೋದಿದೆ.

ತೋಟೆಯಲ್ಲಿ ಇರೋದು ನಾಲ್ಕೇ ಸಾಮಾನು: ಹಿತ್ತಾಳೆ ಕೊಳವೆ, ಕೇಪು, ಮದ್ದು, ಗುಂಡು. ಕಾರ್ಖಾನೆ ತೋಟೆ ರೆಡಿಮೇಡ್ ಅಂಗಿ ಇದ್ದ ಹಾಗೆ, ಆ ಅಳತೆಯ ಎಲ್ಲರ ರೈಫಲ್‌ಗೂ ಹಿಡಿಸಬೇಕು. ಮನೆಯಲ್ಲಿ ತುಂಬುವವನು ಟೈಲರ್. ಒಮ್ಮೆ ಹೊಡೆದ ಹಿತ್ತಾಳೆ ಕೊಳವೆ ಉಬ್ಬಿ ಅದೇ ರೈಫಲ್ಲಿನ ಅಳತೆಗೆ ಬಂದಿರುತ್ತೆ. ಅದನ್ನೇ ಮತ್ತೆ ಬಳಸಿ, ಮದ್ದನ್ನು ಗ್ರೇನಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ತೂಗಿ, ಗುಂಡು ಎಷ್ಟು ಒಳಗೆ ಕೂರಬೇಕು ಅಂತ ತನ್ನ ನಳಿಗೆಗೆ ತಕ್ಕಂತೆ ಹೊಂದಿಸ್ತಾನೆ. ಹಾಗಾಗಿ ನಿಖರತೆ ಹೆಚ್ಚೋದು ಸಾಧ್ಯ. ಅದರಲ್ಲಿ ಸುಳ್ಳಿಲ್ಲ.

ವೇಗದ ಮಾತು ಬೇರೆ. .308 ವಿಂಚೆಸ್ಟರ್‌ನಲ್ಲಿ 168 ಗ್ರೇನ್, ಅಂದರೆ ಸುಮಾರು 11 ಗ್ರಾಂ ಗುಂಡಿನ ಮ್ಯಾಚ್ ತೋಟೆಗೆ ಡಬ್ಬಿ ಮೇಲೆ ಸೆಕೆಂಡಿಗೆ 2,650 ಅಡಿ ಅಂತ ಬರೆದಿರ್ತಾರೆ. ಅದು ಸಾಮಾನ್ಯವಾಗಿ 24 ಇಂಚಿನ ಪರೀಕ್ಷಾ ನಳಿಗೆಯಲ್ಲಿ ಅಳೆದದ್ದು. ನಳಿಗೆ ಒಂದಿಂಚು ಕಮ್ಮಿಯಾದರೆ ಹೆಚ್ಚುಕಮ್ಮಿ 25 ಅಡಿ ವೇಗ ಹೋಗುತ್ತೆ. 20 ಇಂಚಿನ ರೈಫಲ್‌ನವನಿಗೆ 2,550 ಬಂದರೆ ಕಂಪನಿ ಮೋಸ ಮಾಡಿದೆ ಅಂತಲ್ಲ. ತನ್ನ ತೋಟೆಯ ವೇಗವನ್ನು ಡಬ್ಬಿಯ ಅಂಕಿ ಜೊತೆ ಹೋಲಿಸೋದು, ಯೂನಿವರ್ಸಿಟಿ ಫಾರಂನ ಇಳುವರಿಯನ್ನು ನಮ್ಮ ಕಲ್ಲು ಜಮೀನಿನ ಇಳುವರಿ ಜೊತೆ ಹೋಲಿಸಿದ ಹಾಗೆ. ಎರಡೂ ತೋಟೆಯನ್ನು ಒಂದೇ ರೈಫಲ್‌ನಲ್ಲಿ, ಒಂದೇ ದಿನ, ಒಂದೇ ಕ್ರೋನೋಗ್ರಾಫ್ ಇಟ್ಟು ಅಳೀಬೇಕು.

ಇನ್ನೊಂದು, ವೇಗ ಹೆಚ್ಚಾದ ಮಾತ್ರಕ್ಕೆ ಗುರಿ ಹೆಚ್ಚಲ್ಲ. ಬೇಕಾಗಿರೋದು ಒಂದೇ ಸಮನಾದ ವೇಗ. ಎರಡು ಗುಂಡಿನ ನಡುವೆ ಸೆಕೆಂಡಿಗೆ 50 ಅಡಿ ವ್ಯತ್ಯಾಸ ಇದ್ದರೆ 100 ಗಜದಲ್ಲಿ ಗೊತ್ತೇ ಆಗಲ್ಲ. 600 ಗಜದಲ್ಲಿ ಅದೇ ವ್ಯತ್ಯಾಸಕ್ಕೆ ಒಂದು ಗುಂಡು ನಾಲ್ಕೈದು ಇಂಚು ಕೆಳಗೆ ಬೀಳುತ್ತೆ.

ಈಗ ಮೂರು ಗುಂಡಿನ ವಿಷಯಕ್ಕೆ ಬರ್ತೀನಿ. ಡಿಗ್ರಿಯಲ್ಲಿ ನಾನು ಬೈಕೊಂಡು ಓದಿದ ಸಂಖ್ಯಾಶಾಸ್ತ್ರ ಇಲ್ಲಿ ಕೆಲಸಕ್ಕೆ ಬರುತ್ತೆ. ಉದಾಹರಣೆಗೆ ಒಂದು ತೋಟೆಯ ವೇಗದ ಸ್ಟ್ಯಾಂಡರ್ಡ್ ಡೀವಿಯೇಶನ್ 12 ಅಡಿ ಅಂತ ಇಟ್ಕೊಳ್ಳಿ. ಮೂರು ಹೊಡೆದರೆ ಅತಿ ಹೆಚ್ಚು ಮತ್ತು ಅತಿ ಕಮ್ಮಿ ವೇಗದ ಅಂತರ ಸರಾಸರಿ ಅದರ 1.7 ಪಟ್ಟು, ಅಂದರೆ ಸುಮಾರು 20 ಅಡಿ. ಐದಕ್ಕೆ 2.3 ಪಟ್ಟು, 28 ಅಡಿ. ಹತ್ತಕ್ಕೆ 3.1 ಪಟ್ಟು, 37 ಅಡಿ. ತೋಟೆ ಅದೇ, ರೈಫಲ್ ಅದೇ, ಎಣಿಕೆ ಮಾತ್ರ ಬೇರೆ! ಸ್ವಂತದ್ದು ಮೂರು, ಕಾರ್ಖಾನೆಯದ್ದು ಹತ್ತು ಹೊಡೆದು ಹೋಲಿಸಿದರೆ ಸ್ವಂತದ್ದೇ ಗೆಲ್ಲುತ್ತೆ. ಗುರಿಹಲಗೆಯ ಮೇಲೆ ತೂತುಗಳು ಹರಡೋದೂ ಹೀಗೇ, ಗುಂಡು ಹೆಚ್ಚಿದಂತೆ ಹರವು ಹಿಗ್ಗುತ್ತೆ. ಮೂರು ಮೂರರಂತೆ ಐದು ಸಲ ಹೊಡೆದು ಚೆನ್ನಾಗಿ ಬಂದ ಒಂದನ್ನೇ ವಿಡಿಯೊಗೆ ಹಾಕಿದರಂತೂ ಮುಗೀತು. ಜೀವಾಮೃತ ಹಾಕಿದ ಮೂರು ಗಿಡದ ಫೋಟೊ ಕಳಿಸಿ "ರಿಸಲ್ಟ್ ನೋಡಿ" ಅನ್ನುವವರಿಗೂ ನಾನು ಕೇಳೋದು ಇದನ್ನೇ: ಹಾಕದ ಸಾಲು ಎಲ್ಲಿ? ಉಳಿದ ಗಿಡಗಳು ಎಲ್ಲಿ? ನಾನೂ ಸಾವಯವದವನೇ, ಆದರೂ ಕೇಳ್ತೀನಿ.

ಕೈಯಲ್ಲಿ ಮಾಡಿದ್ದೇ ಶ್ರೇಷ್ಠ ಅನ್ನೋದಕ್ಕೆ .22 ರೈಫಲ್ ಒಳ್ಳೆ ಉತ್ತರ. ಅದರ ತೋಟೆಯಲ್ಲಿ ಕೇಪಿನ ರಾಸಾಯನಿಕ ಅಂಚಿನೊಳಗೇ ಇರೋದರಿಂದ ಶೂಟರ್‌ಗಳು ಅದನ್ನು ಮತ್ತೆ ತುಂಬೋದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆ ಈ .22ರದ್ದೇ. ಅಲ್ಲಿ ಎಲ್ಲರೂ ಹೊಡೆಯೋದು ಕಾರ್ಖಾನೆ ತೋಟೆ. ಆದರೆ ಕಣ್ಣುಮುಚ್ಚಿ ಕೊಳ್ಳೋದಿಲ್ಲ. ಒಂದೊಂದು ಬ್ಯಾಚನ್ನೂ ತಮ್ಮ ನಳಿಗೆಯಲ್ಲಿ ಹೊಡೆದು ನೋಡಿ, ಹೊಂದುವ ಬ್ಯಾಚನ್ನೇ ಆರಿಸಿಕೊಳ್ತಾರೆ.

ಅಮೆರಿಕದಲ್ಲಿ ಮನೆಯಲ್ಲಿ ತುಂಬುವವರ ಬೆನ್ನಿಗೆ ಪರೀಕ್ಷೆ ಮಾಡಿದ ಕೈಪಿಡಿಗಳಿವೆ. 1926ರಿಂದ ಅಲ್ಲಿನ ತಯಾರಕರ ಸಂಘ ಸಾಮಿ ಅಳತೆ, ಒತ್ತಡದ ಮಿತಿ ನಿಗದಿ ಮಾಡ್ತಾ ಬಂದಿದೆ. .308ಕ್ಕೆ ಆ ಮಿತಿ 62,000 ಪಿಎಸ್‌ಐ. ನಿಮ್ಮ ಕಾರಿನ ಟೈರಿಗೆ ಹಾಕೋದು 30-35. ಇಷ್ಟು ಒತ್ತಡ ಕೆಲಸ ಮಾಡೋದು ಕೆನ್ನೆಯಿಂದ ಗೇಣು ದೂರದಲ್ಲಿ. ಮದ್ದು ತಪ್ಪಿತು ಅಂದರೆ ಕೋವಿ ಒಡೆಯುತ್ತೆ, ಕಣ್ಣೋ ಬೆರಳೋ ಹೋಗುತ್ತೆ. ವಿಡಿಯೊದಲ್ಲಿ ಆ ಭಾಗ ಇರಲ್ಲ.

ಇಷ್ಟೆಲ್ಲ ಕಸರತ್ತು ನೂರಾರು ಗಜದ ಗುರಿಗೆ. ಕಾಫಿ ಗಿಡದ ಮಧ್ಯೆ ರಾತ್ರಿ ಹಂದಿ ಕಾಣೋದೇ ಮೂವತ್ತು ನಲವತ್ತು ಹೆಜ್ಜೆಗೆ. ಅಲ್ಲಿ ಹತ್ತು ಹದಿನೈದು ಅಡಿ ವೇಗದ ವ್ಯತ್ಯಾಸಕ್ಕೆ ಏನೂ ಬೆಲೆಯಿಲ್ಲ. ಕೈಯಲ್ಲಿ ಲೈಸೆನ್ಸ್ ಕೋವಿ ಇದ್ದರೂ ಹಂದಿಗೆ ಹೊಡೆಯೋಕೆ ಅರಣ್ಯ ಇಲಾಖೆ ಅನುಮತಿ ಬೇರೆಯೇ ಬೇಕು. ಮೊದಲು ಅದಕ್ಕೆ ಅರ್ಜಿ ಹಾಕಿ, ಬೆಳೆ ಹಾನಿಯ ಫೋಟೊಗಳನ್ನು ತಾರೀಕು ಸಮೇತ ಇಟ್ಕೊಳ್ಳಿ. ಸೋಲಾರ್ ಬೇಲಿಯ ಖರ್ಚು ಎಷ್ಟು, ತಂತಿಗಳ ನಡುವೆ ಎಷ್ಟು ಅಂತರ ಬಿಡಬೇಕು ಅನ್ನೋದನ್ನು ಮುಂದಿನ ವಾರ ಬರೀತೀನಿ.