ಗೋಡೆಯ ಮೇಲಿನ ಹಿರಿಯರು: ಕ್ಯಾನ್ವಾಸೋ, ಅಕ್ರಿಲಿಕ್ಕೋ?

ಹತ್ತಡಿ ಅಗಲದ ಖೋಲಿಯೇ ಆಗಲಿ, ಉಪನಗರದ ಎರಡು ಕೋಣೆಗಳ ಮನೆಯೇ ಆಗಲಿ, ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗನ ಗೋಡೆಯ ಮೇಲೆ ತಂದೆತಾಯಿಯರ ಭಾವಚಿತ್ರವೊಂದು ಇದ್ದೇ ಇರುತ್ತದೆ. ಮರದ ಚೌಕಟ್ಟು, ಮೇಲೊಂದು ಗಾಜು, ಹಿಂದೊಂದು ರಟ್ಟು: ಬಹುಕಾಲದಿಂದ ಅದಕ್ಕೆ ಇಷ್ಟೇ ಏರ್ಪಾಡು. ಈಗ ಚಿತ್ರ ಮುದ್ರಿಸುವ ಅಂಗಡಿಯ ಮೆಟ್ಟಿಲು ಹತ್ತಿದೊಡನೆ ‘ಕ್ಯಾನ್ವಾಸ್ ಬೇಕೋ, ಅಕ್ರಿಲಿಕ್ ಬೇಕೋ?’ ಎಂಬ ಪ್ರಶ್ನೆ ಎದುರಾಗುತ್ತದೆ. ಅಲ್ಲಿ ತೂಗುಹಾಕಿದ ಮಾದರಿಗಳು ಎರಡೂ ಚೆಂದವೇ. ಆದರೆ ಅಂಗಡಿಯ ಗೋಡೆ ಬೇರೆ, ನಮ್ಮ ಬಿಡಾರದ ಗೋಡೆ ಬೇರೆ. ನಮ್ಮ ಗೋಡೆಯನ್ನು ಕಂಡು ಆರಿಸುವುದೇ ಲೇಸೆಂದು ನಮಗೆ ತೋರುತ್ತದೆ.

ಕ್ಯಾನ್ವಾಸ್ ಎಂದರೆ ಹತ್ತಿಯ ಅಥವಾ ಪಾಲಿಯೆಸ್ಟರಿನ ದಪ್ಪ ಬಟ್ಟೆ. ಶಾಯಿ ಹರಡದಂತೆ ಲೇಪ ಕೊಟ್ಟು, ಚಿತ್ರವನ್ನು ಮುದ್ರಿಸಿ, ಮರದ ಪಟ್ಟಿಗಳ ಚೌಕಕ್ಕೆ ಎಳೆದು ಬಿಗಿಯುತ್ತಾರೆ. ನೇಯ್ಗೆಯ ಎಳೆಗಳು ಕಾಣುವುದರಿಂದ ತೈಲಚಿತ್ರದ ಭ್ರಮೆ ಹುಟ್ಟುತ್ತದೆ. ಈ ಭ್ರಮೆಗೆ ಮುಂಬಯಿ ಹೊಸತಲ್ಲ. ರಾಜಾ ರವಿವರ್ಮನು ೧೮೯೪ರಲ್ಲಿ ಇಲ್ಲಿ ತೆರೆದ ಕಲ್ಲಚ್ಚಿನ ಮುದ್ರಣಾಲಯದಿಂದ ಹೊರಟ ಲಕ್ಷ್ಮೀ ಸರಸ್ವತಿಯರು ಕಾಗದದ ಮೇಲೆಯೇ ತೈಲವರ್ಣದ ಕಳೆ ಹೊತ್ತು ನಮ್ಮ ಮುತ್ತಜ್ಜಿಯರ ದೇವರ ಕೋಣೆಗಳನ್ನು ಸೇರಿದವರಲ್ಲವೆ!

ಅಕ್ರಿಲಿಕ್ ೧೯೩೦ರ ದಶಕದಲ್ಲಿ ಪ್ಲೆಕ್ಸಿಗ್ಲಾಸ್, ಪರ್ಸ್ಪೆಕ್ಸ್ ಎಂಬ ಹೆಸರುಗಳಲ್ಲಿ ಮಾರುಕಟ್ಟೆಗೆ ಬಂದ ಪಾರದರ್ಶಕ ಪ್ಲಾಸ್ಟಿಕ್. ತೂಕದಲ್ಲಿ ಅದು ಅಷ್ಟೇ ದಪ್ಪದ ಗಾಜಿನ ಅರ್ಧಕ್ಕಿಂತ ಕಡಿಮೆ. ಚಿತ್ರವನ್ನು ಅದರ ಬೆನ್ನಿಗೆ ಅಂಟಿಸುತ್ತಾರೆ, ಇಲ್ಲವೆ ಬೆನ್ನಿನ ಮೇಲೆಯೇ ಮುದ್ರಿಸುತ್ತಾರೆ. ಬಣ್ಣಕ್ಕೆ ಆಳ ಬರುತ್ತದೆ, ರೇಖೆ ಚೂಪಾಗುತ್ತದೆ. ದರವೂ ಸಾಮಾನ್ಯವಾಗಿ ಹೆಚ್ಚು.

ನಮ್ಮವರ ಅನೇಕ ಬಿಡಾರಗಳಲ್ಲಿ ಚಿತ್ರದ ಶತ್ರು ತೇವ. ಮುಂಬಯಿಯಲ್ಲಿ ಜೂನ್ ತಿಂಗಳಿನಿಂದ ಸಪ್ಟೆಂಬರಿನವರೆಗೆ ಹೊರಗೋಡೆಗಳು ನೀರು ಕುಡಿದು ಬೆವರುತ್ತಲೇ ಇರುತ್ತವೆ. ಅಂಥ ಗೋಡೆಗೆ ತಾಗಿಕೊಂಡ ಕ್ಯಾನ್ವಾಸ್ ತೇವ ಹೀರಿ ಜೋಲುಬೀಳುತ್ತದೆ, ಹಿಂಬದಿಯಲ್ಲಿ ಬೂಸಲು ಹಿಡಿಯುತ್ತದೆ. ಅಕ್ರಿಲಿಕ್ ಹಾಳೆ ನೀರಿಗೆ ಅಂಜದು, ನಿಜ. ಆದರೆ ಬೆನ್ನಿಗಂಟಿದ ಕಾಗದದ ಅಂಚು ತೆರೆದಿದ್ದರೆ ತೇವ ಅಲ್ಲಿಂದ ನುಸುಳುತ್ತದೆ. ಯಾವುದನ್ನೇ ಕೊಂಡರೂ ಒಳಗೋಡೆಗೆ ತೂಗುಹಾಕಿ, ಹಿಂಬದಿಯ ಮೂಲೆಗಳಿಗೆ ರಬ್ಬರಿನ ತುಣುಕುಗಳನ್ನು ಅಂಟಿಸಿ ಗಾಳಿಯಾಡುವಂತೆ ಮಾಡಬೇಕು. ದಿಲ್ಲಿ, ಹೈದರಾಬಾದುಗಳ ವಾಚಕರಿಗೆ ಈ ಚಿಂತೆ ಕಡಿಮೆ; ಅವರು ನೇರ ಬಿಸಿಲನ್ನು ತಪ್ಪಿಸಿದರಾಯಿತು.

ಇನ್ನು ಬೆಳಕು. ಒಂದೇ ಕಿಟಕಿ, ಒಂದೇ ಟ್ಯೂಬ್‌ಲೈಟು ಇರುವ ಖೋಲಿಯಲ್ಲಿ ಅವೆರಡರ ಎದುರಿಗೆ ಅಕ್ರಿಲಿಕ್ ಇಟ್ಟರೆ ತಾಯಿಯ ಮುಖದ ಮೇಲೆ ಬಿಳಿಯ ಪಟ್ಟಿಯೊಂದು ಸದಾ ಹೊಳೆಯುತ್ತದೆ. ಕ್ಯಾನ್ವಾಸಿಗೆ ಈ ದೋಷವಿಲ್ಲ. ಬಾಡಿಗೆಯ ಮನೆಯವರಿಗೆ ಮತ್ತೊಂದು ತೊಡಕುಂಟು. ೧೮ಕ್ಕೆ ೨೪ ಅಂಗುಲದ, ೫ ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಾಳೆಯೇ ಒಂದೂವರೆ ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಲೋಹದ ಗುಬಟುಗಳಿಂದ ನಿಲ್ಲಿಸುವುದಾದರೆ ಗೋಡೆಗೆ ನಾಲ್ಕು ತೂತು ಬೇಕು. ಹಳೆಯ ಚಾಳಿನ ಗಾರೆ ಅದನ್ನು ತಾಳೀತೆ? ಮಾಲಿಕನು ತಾಳಿಯಾನೆ? ಕ್ಯಾನ್ವಾಸಿಗೆ ಒಂದು ಮೊಳೆ ಸಾಕು. ಬಿಡಾರ ಬದಲಿಸುವಾಗ ಚೌಕದಿಂದ ಬಿಡಿಸಿ, ಚಿತ್ರದ ಮುಖ ಹೊರಗಾಗುವಂತೆ ಸಡಿಲವಾಗಿ ಸುತ್ತಿ ಒಯ್ಯಲೂಬಹುದು.

ಹೋಟೆಲಿನ ಗಲ್ಲಾದ ಮೇಲೆ ತೂಗುವ ಸ್ಥಾಪಕರ ಚಿತ್ರಕ್ಕಾದರೋ ನಾವು ನಿಸ್ಸಂಶಯವಾಗಿ ಅಕ್ರಿಲಿಕ್ಕನ್ನೇ ಹೇಳುತ್ತೇವೆ. ದೋಸೆಯ ಕಾವಲಿಯಿಂದೆದ್ದ ಎಣ್ಣೆಯ ಹೊಗೆ ಬಟ್ಟೆಯ ಎಳೆಗಳಲ್ಲಿ ಕುಳಿತರೆ ಏಳದು. ಅಕ್ರಿಲಿಕ್ಕನ್ನು ಒಂದು ತೊಟ್ಟು ಸಾಬೂನು ಬೆರೆಸಿದ ನೀರಿನಿಂದ, ಮೆತ್ತನೆಯ ಹತ್ತಿಬಟ್ಟೆಯಿಂದ ಒರಸಬಹುದು. ಮೇಜು ಒರಸುವ ಒರಟು ಬಟ್ಟೆ ಸೋಕಬಾರದು, ಗೀರು ಬೀಳುತ್ತದೆ. ಸ್ಪಿರಿಟ್, ಅಮೋನಿಯ ಬೆರೆತ ಗಾಜಿನ ಕ್ಲೀನರ್ ಹಚ್ಚಿದರೆ ಮೇಲ್ಮೈ ಮಸುಕಾಗಿ ಸಣ್ಣ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ದೀಪ, ಊದುಬತ್ತಿಗಳನ್ನೂ ದೂರವಿಡಬೇಕು; ಎರಡೂ ಉರಿಯುವ ವಸ್ತುಗಳೇ.

ಅಂಗಡಿಯಾತ ಕೇಳದಿದ್ದರೂ ನಾವಾಗಿ ವಿಚಾರಿಸಬೇಕಾದದ್ದು ಮೂಲಚಿತ್ರದ ಸಂಗತಿ. ಎಷ್ಟೋ ಮನೆಗಳಲ್ಲಿ ತಾಯಿಯದೆಂದು ಉಳಿದಿರುವುದು ಅಂಗೈಯಗಲದ ಒಂದೇ ಕಪ್ಪುಬಿಳುಪು ಚಿತ್ರ. ೩ಕ್ಕೆ ೪ ಅಂಗುಲದ ಚಿತ್ರವನ್ನು ಅಂಗುಲಕ್ಕೆ ೬೦೦ ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ೧೮೦೦ಕ್ಕೆ ೨೪೦೦ ಚುಕ್ಕೆಗಳು ದೊರೆಯುತ್ತವೆ. ಅಂಗುಲಕ್ಕೆ ೧೫೦ರಂತೆ ಮುದ್ರಿಸಿದರೆ ೧೨ಕ್ಕೆ ೧೬ ಅಂಗುಲ. ಅದಕ್ಕೂ ಹಿಗ್ಗಿಸಿದರೆ ಕ್ಯಾನ್ವಾಸಿನ ಎಳೆಗಳು ಕೊರತೆಯನ್ನು ಒಂದಷ್ಟು ಮರೆಸುತ್ತವೆ, ಅಕ್ರಿಲಿಕ್ ಅದನ್ನು ಎತ್ತಿ ತೋರಿಸುತ್ತದೆ. ಆದಕಾರಣ ಹಳೆಯ ಚಿತ್ರಕ್ಕೆ ಕ್ಯಾನ್ವಾಸ್, ಮಗಳ ಮದುವೆಯ ಹೊಸ ವರ್ಣಚಿತ್ರಕ್ಕೆ ಬೇಕಾದರೆ ಅಕ್ರಿಲಿಕ್ ಎಂಬುದು ನಮ್ಮ ಸಲಹೆ. ಊರಿನಿಂದ ತಮ್ಮನು ಚಿತ್ರ ಕಳುಹಿಸುವುದಿದ್ದರೆ ವಾಟ್ಸಾಪಿನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳುಹಿಸಲಿ. ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ದಾರಿಯಲ್ಲೇ ಕುಗ್ಗುತ್ತದೆ. ಕ್ಯಾನ್ವಾಸಿನಲ್ಲಿ ಅಂಚು ಒಂದು ಅಂಗುಲಕ್ಕೂ ಮಿಗಿಲಾಗಿ ಪಟ್ಟಿಯ ಬದಿಗೆ ಮಡಚಿಕೊಳ್ಳುವುದುಂಟು. ಬದಿಗೆ ಬರಿಯ ಬಣ್ಣವನ್ನೇ ಬಿಡಿಸಿರಿ. ಇಲ್ಲವಾದರೆ ಗುಂಪಿನ ಕೊನೆಯಲ್ಲಿ ನಿಂತ ಚಿಕ್ಕಪ್ಪನ ತೋಳು ಮೂಲೆ ದಾಟಿ ಹೋದೀತು.

ಮಾಸಿದ ಚಿತ್ರವನ್ನು ಕ್ಷಣದಲ್ಲಿ ‘ಹೊಸದು’ ಮಾಡಿಕೊಡುವ ಕೃತಕ ಬುದ್ಧಿಯ ತಂತ್ರಾಂಶಗಳೂ ಈಗ ಬಂದಿವೆ. ಗೀರು, ಕಲೆಗಳನ್ನು ಅಳಿಸಲು ಅವು ಒಳ್ಳೆಯವು. ಮುಖ ಮಸುಕಾಗಿದ್ದರೆ ಮಾತ್ರ ಯಂತ್ರ ಕಣ್ಣುಮೂಗುಗಳನ್ನು ಊಹಿಸಿ ಬರೆಯುತ್ತದೆ. ಸುಕ್ಕಿಲ್ಲದ ಕೆನ್ನೆಯ ಯಾರೋ ಒಬ್ಬಾಕೆ ನಮ್ಮ ತಾಯಿಯ ಸೀರೆಯುಟ್ಟು ಮನೆಗೆ ಬರುತ್ತಾಳೆ. ಅವರನ್ನು ಕಂಡರಿಯದ ಮೊಮ್ಮಕ್ಕಳು ಅವಳನ್ನೇ ಅಜ್ಜಿಯೆಂದು ನಂಬುತ್ತಾರೆ. ಮುದ್ರಣಕ್ಕೆ ಮೊದಲು ಮಾದರಿಯನ್ನು ಮೂಲದ ಪಕ್ಕದಲ್ಲಿಟ್ಟು, ಸಾಧ್ಯವಾದರೆ ಅವರನ್ನು ಬಲ್ಲ ಹಿರಿಯರೊಬ್ಬರಿಗೆ ತೋರಿಸಿ, ಹುಬ್ಬಿನ ನಡುವಿನ ಗೆರೆ, ಮೂಗುಬೊಟ್ಟು ಇದ್ದಲ್ಲೇ ಇವೆಯೇ ನೋಡಿರಿ. ಮೂಲಚಿತ್ರವನ್ನು ಅಂಗಡಿಯಲ್ಲಿ ಬಿಟ್ಟುಬರುವುದು ಬೇಡ. ಸ್ಕ್ಯಾನ್ ಆಗುವ ತನಕ ಅಲ್ಲಿಯೇ ನಿಂತಿದ್ದು, ಕೈಯಲ್ಲಿ ಹಿಡಿದೇ ಹಿಂದಿರುಗಿರಿ.