ಗಾಳಿ ಏರಿಸದ ಬೈಸಿಕಲ್ ಪಂಪು

ಪಂಪನ್ನು ಎಷ್ಟು ಒತ್ತಿದರೂ ಚಕ್ರಕ್ಕೆ ಗಾಳಿ ಏರದಿದ್ದರೆ, ದೋಷವು ಪಂಪಿನದೋ ಚಕ್ರದ್ದೋ ಎಂಬುದನ್ನು ನಾವು ಮೊದಲು ನಿಶ್ಚಯಿಸಿಕೊಳ್ಳತಕ್ಕದ್ದು. ಪಂಪಿನ ಬಾಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹಿಡಿಯನ್ನು ಒತ್ತಿ ನೋಡೋಣ. ಒಳಗಿನ ಗಾಳಿಯು ಕೈಗೆ ಎದುರು ನಿಂತರೆ ಪಂಪು ನಿರ್ದೋಷಿ. ಹಿಡಿಯು ಸಲೀಸಾಗಿ ಇಳಿದರೆ ದೋಷವು ಅದರೊಳಗೇ ಇದೆ.

ಹಲವು ಪಂಪುಗಳಲ್ಲಿ ಕೋಲಿನ ತುದಿಗೆ ಬಟ್ಟಲಿನಾಕಾರದ ತೊಗಲಿನ ವಾಷರು ಇರುವುದು. ಕೋಲನ್ನು ಹಿಂದಕ್ಕೆಳೆಯುವಾಗ ಅದರ ಅಂಚು ಮುದುರಿ ಗಾಳಿಗೆ ದಾರಿ ಬಿಡುತ್ತದೆ. ಒತ್ತುವಾಗ ಅರಳಿ, ಕೊಳವೆಗೆ ಅಂಟಿಕೊಂಡು, ಗಾಳಿಯನ್ನು ಮುಂದಕ್ಕೆ ನೂಕುತ್ತದೆ. ಒಣಗಿದ ತೊಗಲು ಅರಳದು. ಗಾಳಿಯು ಬಂದ ದಾರಿಯಲ್ಲೇ ಮರಳುವುದು. ಅದಕ್ಕೆ ನಾಲ್ಕು ತೊಟ್ಟು ಹರಳೆಣ್ಣೆ ತೀಡಿ ಅಂಚನ್ನು ಬೆರಳಿನಿಂದ ಹಿಗ್ಗಿಸಿದರೆ ಸಾಮಾನ್ಯವಾಗಿ ಪಂಪು ಮತ್ತೆ ದುಡಿಯುತ್ತದೆ.

ಪಂಪು ನಿರ್ದೋಷಿಯಾದರೆ ವಾಲ್ವಿನ ರಬ್ಬರು ನಳಿಗೆಯನ್ನು ನೋಡತಕ್ಕದ್ದು. ಅದು ಅಂಟಿಕೊಂಡಿದ್ದರೆ ಗಾಳಿ ಒಳಹೋಗದು; ಹರಿದಿದ್ದರೆ ಒಳಗೆ ನಿಲ್ಲದು. ಅಂಗೈಯಗಲವೂ ಇಲ್ಲದ ತೊಗಲಿಗಾಗಿ ಪಂಪನ್ನೇ ಬಿಸುಡುವುದು ವಿವೇಕವಲ್ಲ.